ವೆರಿ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು

‘ಬಸ್ ವೆರಿ ರಶ್ ಮೇಡಂ.’ ‘ಐ ವೆರಿ ಲೈಕ್ ದಿಸ್ ಕಲರ್.’ ‘ದಿಸ್ ಒನ್ ಈಸ್ ವೆರಿ ಬೆಟರ್.’

ತುಮಕೂರಿನಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮಹಡಿ ಮೇಲೆ ನಾನು ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೊಸ ಬ್ಯಾಚ್ ಬಂದಾಗಲೆಲ್ಲ ಮೊದಲ ವಾರದಲ್ಲೇ ಈ ಮೂರೂ ಕಿವಿಗೆ ಬೀಳುತ್ತವೆ. ಬರುವವರು ಬೇರೆ ಬೇರೆ ಥರದವರು. ನರ್ಸಿಂಗ್ ಓದುವ ಹುಡುಗಿಯರು, ಬಟ್ಟೆ ಅಂಗಡಿಯ ಸೇಲ್ಸ್ ಹುಡುಗರು, ಡಿಗ್ರಿ ಮುಗಿಸಿ ಬೆಂಗಳೂರಿಗೆ ಇಂಟರ್‌ವ್ಯೂ ಅಂತ ಓಡಾಡುವವರು, ಮಗುವಿನ ಸ್ಕೂಲಿನ ಮೀಟಿಂಗ್‌ನಲ್ಲಿ ನಾಲ್ಕು ಮಾತಾಡಬೇಕು ಅನ್ನುವ ಅಮ್ಮಂದಿರು. ತಪ್ಪು ಮಾತ್ರ ಎಲ್ಲರದ್ದೂ ಒಂದೇ. ತಲೆಯಲ್ಲಿ ಮೊದಲು ‘ತುಂಬಾ’ ಬರುತ್ತದೆ, ಆಮೇಲೆ ಅದರ ಜಾಗದಲ್ಲಿ ‘ವೆರಿ’ ಬಂದು ಕೂರುತ್ತದೆ.

ನಮ್ಮ ‘ತುಂಬಾ’ ಯಾವ ಪದದ ಪಕ್ಕದಲ್ಲಿ ಬೇಕಾದರೂ ನಿಲ್ಲುತ್ತದೆ. ತುಂಬಾ ದೊಡ್ಡದು, ತುಂಬಾ ಜನ, ತುಂಬಾ ಇಷ್ಟ, ತುಂಬಾ ಹೊತ್ತು, ತುಂಬಾ ಅತ್ತಳು. ಹುಬ್ಬಳ್ಳಿ ಕಡೆಯವರ ‘ಭಾಳ’ ಕೂಡ ಹಾಗೇ. ಇಂಗ್ಲಿಷಿನಲ್ಲಿ ಈ ಒಂದು ಪದದ ಕೆಲಸವನ್ನು ವೆರಿ, ಮಚ್, ಮೆನಿ, ಎ ಲಾಟ್, ಟೂ, ರಿಯಲಿ ಎಲ್ಲ ಸೇರಿ ಹಂಚಿಕೊಂಡಿವೆ. ವೆರಿಗೆ ಸಿಕ್ಕಿದ್ದು ಒಂದು ಪಾಲು ಅಷ್ಟೇ. ಅದಕ್ಕೇ ನಾನು ಮೊದಲ ದಿನ ಒಂದೇ ಮಾತು ಹೇಳುತ್ತೇನೆ: ವೆರಿ ಬಾಯಿಗೆ ಬಂತಾ? ಒಂದು ಕ್ಷಣ ನಿಲ್ಲಿ. ಅದರ ಮುಂದೆ ಬರುವ ಪದ ಎಂಥದ್ದು ನೋಡಿ.

ಮುಂದಿನ ಪದ ‘ಹೇಗಿದೆ’ ಅಥವಾ ‘ಹೇಗೆ’ ಅನ್ನೋದಕ್ಕೆ ಉತ್ತರವಾಗಿದ್ದರೆ ವೆರಿ ಸರಿ. ವೆರಿ ಹಾಟ್, ವೆರಿ ಓಲ್ಡ್, ವೆರಿ ಸ್ಲೋಲಿ, ವೆರಿ ಕೇರ್‌ಫುಲಿ. ಇದರಲ್ಲಿ ಯಾರೂ ಎಡವುವುದಿಲ್ಲ, ಹಾಗಾಗಿ ಮುಂದೆ ಹೋಗೋಣ.

ರಶ್, ಟೆನ್ಷನ್, ಫೀವರ್

ಎಡವುವುದು ಇಲ್ಲಿ. ರಶ್, ಟೆನ್ಷನ್, ಟ್ರಾಫಿಕ್, ಫೀವರ್ ಇವೆಲ್ಲ ನಮ್ಮ ಮನೆಮಾತಿನಲ್ಲಿ ಸೇರಿಹೋಗಿವೆ. ‘ಬಸ್ಸು ಫುಲ್ ರಶ್ಶು’, ‘ಅವಳಿಗೆ ತುಂಬಾ ಟೆನ್ಷನ್’ ಅಂತ ದಿನಾ ಅಂತೀವಿ. ಕನ್ನಡದಲ್ಲಿ ಅದು ಸರಿಯಾಗೇ ಇದೆ. ಆದರೆ ಇದೇ ಪದಗಳು ಇಂಗ್ಲಿಷ್ ವಾಕ್ಯಕ್ಕೆ ವಾಪಸ್ ಹೋದಾಗ ಬರೀ ನಾಮಪದ ಆಗುತ್ತವೆ. ನಾಮಪದದ ಹಿಂದೆ ಬರೀ ವೆರಿ ನಿಲ್ಲುವುದಿಲ್ಲ.

ಹಾಗಾದರೆ ಎರಡು ದಾರಿ. ಒಂದು, ನಾಮಪದವನ್ನು ಬಿಟ್ಟು ಗುಣ ಹೇಳುವ ಪದ ಹಿಡಿಯೋದು. ‘ದ ಬಸ್ ವಾಸ್ ವೆರಿ ಕ್ರೌಡೆಡ್.’ ‘ಐ ವಾಸ್ ವೆರಿ ವರೀಡ್.’ ಇನ್ನೊಂದು, ನಾಮಪದವನ್ನು ಇಟ್ಟುಕೊಂಡು ವೆರಿ ಬಿಡೋದು. ಆಗ ಆ ನಾಮಪದಕ್ಕೆ ಒಗ್ಗುವ ಜೊತೆಗಾರ ಪದ ಬೇಕು. ಮಳೆಗೂ ಟ್ರಾಫಿಕ್ಕಿಗೂ ಹೆವಿ. ಜ್ವರಕ್ಕೆ ಹೈ. ನೆಗಡಿಗೆ ಬ್ಯಾಡ್. ಕಾಫಿಗೆ ಸ್ಟ್ರಾಂಗ್. ನಿದ್ದೆಗೆ ಡೀಪ್. ತಡೆಯಲಾಗದ ನೋವಿಗೆ ಸಿವಿಯರ್.

ಇದನ್ನೆಲ್ಲ ಬಾಯಿಪಾಠ ಮಾಡಬೇಕಾ ಅಂತ ಮುಖ ಸಣ್ಣ ಮಾಡುತ್ತಾರೆ. ನಾವು ಕನ್ನಡದಲ್ಲಿ ಮಾಡೋದೂ ಇದೇ ಅಲ್ವಾ? ಜೋರು ಮಳೆ ಅಂತೀವಿ, ಗಾಢ ಮಳೆ ಅನ್ನಲ್ಲ. ಗಾಢ ನಿದ್ದೆ ಅಂತೀವಿ, ಸುಡು ನಿದ್ದೆ ಅನ್ನಲ್ಲ. ಸುಡುಬಿಸಿಲು, ಕೊರೆಯುವ ಚಳಿ, ಕಡುಬಡತನ, ಗಟ್ಟಿ ಮೊಸರು. ಯಾರೂ ಕೂರಿಸಿ ಕಲಿಸಿದ್ದಲ್ಲ, ಕೇಳಿ ಕೇಳಿ ಬಂದದ್ದು. ಇಂಗ್ಲಿಷಿನದ್ದೂ ಹಾಗೇ ಬರುತ್ತದೆ. ಆದರೆ ಜೋಡಿಯಾಗೇ ಕಲಿಯಿರಿ. ನೋಟ್‌ಬುಕ್ಕಿನಲ್ಲಿ ಬರೀ ‘ಫೀವರ್’ ಅಂತ ಬರೆದುಕೊಳ್ಳಬೇಡಿ, ‘ಹೈ ಫೀವರ್’ ಅಂತ ಬರೆದುಕೊಳ್ಳಿ.

ನೆಗಡಿಯದ್ದು ಸ್ವಲ್ಪ ಹುಷಾರು. ‘ಐ ಆಮ್ ವೆರಿ ಕೋಲ್ಡ್ ಸರ್, ಟುಡೇ ಲೀವ್’ ಅಂತ ಮೆಸೇಜ್ ಹಾಕಿದರೆ ನನಗೆ ಚಳಿ ಆಗ್ತಿದೆ, ರಜ ಕೊಡಿ ಅಂದ ಹಾಗಾಗುತ್ತದೆ. ಮೇಲಿನವರು ಸ್ವೆಟರ್ ಹಾಕಿಕೊಂಡು ಬಾ ಅಂದರೆ ತಪ್ಪು ಅವರದ್ದಲ್ಲ. ‘ಐ ಹ್ಯಾವ್ ಎ ಬ್ಯಾಡ್ ಕೋಲ್ಡ್’ ಅನ್ನಿ.

ಕ್ರಿಯಾಪದಕ್ಕೂ ಬರೀ ವೆರಿ ಅಂಟುವುದಿಲ್ಲ. ‘ಐ ವೆರಿ ಲೈಕ್’ ಬದಲು ‘ಐ ರಿಯಲಿ ಲೈಕ್ ಇಟ್’ ಅಥವಾ ‘ಐ ಲೈಕ್ ಇಟ್ ವೆರಿ ಮಚ್’. ವೆರಿ ಮಚ್ ಇಡುವ ಜಾಗವೂ ಮುಖ್ಯ. ‘ಐ ಲೈಕ್ ವೆರಿ ಮಚ್ ಕಾಫಿ’ ಅನ್ನಬಾರದು. ಕಾಫಿ ಮೊದಲು, ವೆರಿ ಮಚ್ ಕೊನೆಗೆ. ನಮ್ಮ ‘ನನಗೆ ಕಾಫಿ ತುಂಬಾ ಇಷ್ಟ’ದಲ್ಲೂ ಕಾಫಿಯೇ ಮೊದಲು ಬರುತ್ತದೆ, ಅದನ್ನು ನೆನಪಿಟ್ಟುಕೊಂಡರೆ ಸಾಕು. ಅಳು, ನಗು, ನೋವು, ಓಡಾಟ ಇಂಥದ್ದಕ್ಕೆಲ್ಲ ‘ಎ ಲಾಟ್’ ಸಲೀಸು. ‘ಶಿ ಕ್ರೈಡ್ ಎ ಲಾಟ್.’ ‘ಇಟ್ ಹರ್ಟ್ಸ್ ಎ ಲಾಟ್.’

ವೆರಿ ಬೆಟರ್ ಯಾಕೆ ಆಗಲ್ಲ

ಬಟ್ಟೆ ಅಂಗಡಿ ಹುಡುಗರ ಇಂಗ್ಲಿಷಿನಲ್ಲಿ ಹೋಲಿಕೆ ಜಾಸ್ತಿ. ಅದಕ್ಕಿಂತ ಇದು, ಇದಕ್ಕಿಂತ ಅದು. ಕನ್ನಡದಲ್ಲಿ ಈ ಕೆಲಸವನ್ನೆಲ್ಲ ‘ಕಿಂತ’ ನೋಡಿಕೊಳ್ಳುತ್ತದೆ, ಗುಣದ ಪದ ಇದ್ದ ಹಾಗೇ ಇರುತ್ತದೆ. ‘ಇದು ತುಂಬಾ ದೊಡ್ಡದು’, ‘ಅದಕ್ಕಿಂತ ಇದು ತುಂಬಾ ದೊಡ್ಡದು’. ಎರಡರಲ್ಲೂ ಅದೇ ದೊಡ್ಡದು. ಇಂಗ್ಲಿಷಿನಲ್ಲಿ ಬಿಗ್ ಹೋಗಿ ಬಿಗ್ಗರ್ ಆಗುತ್ತದೆ. ಪದ ಹಾಗೆ ಬದಲಾದ ಕೂಡಲೇ ವೆರಿ ಜಾಗ ಖಾಲಿ ಮಾಡಬೇಕು, ಮಚ್ ಅಥವಾ ಫಾರ್ ಬರಬೇಕು. ಮಚ್ ಬಿಗ್ಗರ್, ಮಚ್ ಬೆಟರ್, ಫಾರ್ ಚೀಪರ್. ‘ದ ಸಿಲ್ಕ್ ಒನ್ ಈಸ್ ಮಚ್ ಮೋರ್ ಎಕ್ಸ್‌ಪೆನ್ಸಿವ್.’

ಆದರೆ ‘ಬೆಸ್ಟ್’ ಬಂದರೆ ವೆರಿ ಮತ್ತೆ ಹಾಜರ್! ‘ದ ವೆರಿ ಬೆಸ್ಟ್ ಕ್ವಾಲಿಟಿ’ ಸರಿ, ‘ದ ವೆರಿ ಲೇಟೆಸ್ಟ್ ಡಿಸೈನ್’ ಕೂಡ ಸರಿ. ಇದು ಹೇಗೆ ಅಂತ ಹುಡುಗರು ವಾದಕ್ಕೆ ನಿಲ್ಲುತ್ತಾರೆ. ಉತ್ತರ ಇನ್ನು ಸ್ವಲ್ಪ ಮುಂದಿದೆ.

ವೆರಿ ಮತ್ತು ಟೂ

ಸ್ಟೀಲ್ ಲೋಟದಲ್ಲಿ ಈಗಷ್ಟೇ ಇಳಿಸಿದ ಕಾಫಿ. ಲೋಟದ ಅಂಚು ಹಿಡಿದು, ಊದಿಕೊಂಡು ಒಂದು ಗುಟುಕು ಇಳಿಸಬಹುದು ಅಂದರೆ ‘ವೆರಿ ಹಾಟ್’. ತುಟಿಗೆ ತಾಗಿಸಿದ ಕೂಡಲೇ ಕೆಳಗಿಟ್ಟರೆ ‘ಟೂ ಹಾಟ್’. ವೆರಿ ಅಂದರೆ ಜಾಸ್ತಿ ಇದೆ. ಟೂ ಅಂದರೆ ಜಾಸ್ತಿ ಆಯ್ತು. ‘ಉಪ್ಪು ಜಾಸ್ತಿ ಇದೆ’ಗೂ ‘ಉಪ್ಪು ಜಾಸ್ತಿ ಆಯ್ತು’ಗೂ ವ್ಯತ್ಯಾಸ ಗೊತ್ತಿರುವ ಯಾರಿಗೂ ಇದು ಕಷ್ಟ ಅಲ್ಲ. ಆ ‘ಆಯ್ತು’ ಒಳಗೆ ಒಂದು ದೂರು ಇದೆ. ಟೂ ಒಳಗೂ ಅದೇ ದೂರು.

ತಮಾಷೆ ಅಂದರೆ ಕನ್ನಡ ಮಾತಾಡುವಾಗ ನಾವು ಟೂ ಅನ್ನು ತಪ್ಪಿಲ್ಲದೆ ಬಳಸುತ್ತೀವಿ. ‘ನಿಂದು ಟೂ ಮಚ್ ಆಯ್ತು ಕಣೋ’ ಅಂತ ಬೈಯುವಾಗ ಯಾರೂ ವೆರಿ ಮಚ್ ಆಯ್ತು ಅನ್ನಲ್ಲ. ಇಂಗ್ಲಿಷ್ ಮಾತಾಡುವಾಗ ಮಾತ್ರ ಮರೆಯುತ್ತೀವಿ.

ಇಂಟರ್‌ವ್ಯೂನಲ್ಲಿ ಇದು ನಿಜಕ್ಕೂ ತೊಂದರೆ ಕೊಡುತ್ತದೆ. ‘ಮೈ ಟೀಮ್ ಲೀಡರ್ ವಾಸ್ ವೆರಿ ಸ್ಟ್ರಿಕ್ಟ್’ ಅಂದರೆ ಶಿಸ್ತಿನ ಮನುಷ್ಯ, ಅವರ ಕೈಕೆಳಗೆ ಪಳಗಿದೀನಿ ಅಂತ ತಗೊಳ್ಳಬಹುದು. ‘ಟೂ ಸ್ಟ್ರಿಕ್ಟ್’ ಅಂದರೆ ಚಾಡಿ. ಎದುರಿಗೆ ಕೂತವರು, ನಾಳೆ ನಮ್ಮ ಬಗ್ಗೆಯೂ ಇವನು ಹೀಗೇ ಹೇಳುತ್ತಾನೆ ಅಂದುಕೊಳ್ಳುತ್ತಾರೆ. ಇನ್ನು ‘ಟೂ ಗುಡ್’. ಗೆಳೆಯರ ನಡುವೆ ಹೊಗಳೋದಕ್ಕೆ ಅದು ಚೆನ್ನಾಗೇ ಓಡುತ್ತದೆ, ನಾನು ಅಡ್ಡಬರಲ್ಲ. ಅರ್ಜಿಯಲ್ಲಿ, ಈಮೇಲ್‌ನಲ್ಲಿ ಬರೆಯಬೇಡಿ. ‘ಐ ಆಮ್ ಟೂ ಇಂಟರೆಸ್ಟೆಡ್ ಇನ್ ದಿಸ್ ಜಾಬ್’ ಅನ್ನೋ ಸಾಲನ್ನು ನಾನು ನೋಡಿದ್ದೇನೆ. ಇಷ್ಟೊಂದು ಆಸಕ್ತಿ ಬೇಡಪ್ಪ ಅನ್ನಿಸುತ್ತದೆ.

ಪರ್ಫೆಕ್ಟ್, ಎಕ್ಸಲೆಂಟ್, ಡೆಡ್, ಇಂಪಾಸಿಬಲ್ ಮುಂತಾದವು ಆಗಲೇ ತುಂಬಿದ ಪದಗಳು, ಅವಕ್ಕೆ ವೆರಿ ಬೇಡ. ಒತ್ತು ಬೇಕೇ ಬೇಕು ಅಂದರೆ ‘ಆ್ಯಬ್ಸಲ್ಯೂಟ್ಲಿ’ ಹಾಕಿ. ‘ವೆರಿ ಡೆಲಿಷಿಯಸ್’ ಅಂದರೆ ಅಡುಗೆ ಮಾಡಿದವರು ಬೇಜಾರು ಮಾಡಿಕೊಳ್ಳಲ್ಲ, ಆದರೆ ‘ಆ್ಯಬ್ಸಲ್ಯೂಟ್ಲಿ ಡೆಲಿಷಿಯಸ್’ ಕಿವಿಗೆ ಹಿತ. ‘ವೆರಿ ವೆರಿ’ ಅಂತ ಎರಡೆರಡು ಸಲ ಬರೆಯೋದು ಅಮ್ಮಂದಿರ ವಾಟ್ಸಾಪ್‌ನಲ್ಲಿ ಚೆಂದ. ಕಚೇರಿ ಪತ್ರದಲ್ಲಿ ಕಂಡರೆ ನಾನು ಕೆಂಪು ಪೆನ್ನು ತೆಗೆಯುತ್ತೇನೆ.

‘ನಾಟ್ ವೆರಿ’ ಬಗ್ಗೆಯೂ ಒಂದು ಮಾತು. ಅದು ನಮ್ಮ ‘ಅಷ್ಟೇನೂ’. ‘ನಾಟ್ ವೆರಿ ಗುಡ್’ ಅಂದರೆ ಅಷ್ಟೇನೂ ಚೆನ್ನಾಗಿಲ್ಲ. ಮೆತ್ತಗೆ ಹೇಳಿದ್ದಾರೆ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಮ್ಯಾನೇಜರ್ ‘ಯುವರ್ ರಿಪೋರ್ಟ್ ಈಸ್ ನಾಟ್ ವೆರಿ ಕ್ಲಿಯರ್’ ಅಂದರೆ ಮತ್ತೆ ಬರೆದುಕೊಂಡು ಬಾ ಅಂತ ಅರ್ಥ.

ಇನ್ನೊಂದು ವೆರಿ

ವೆರಿ ಬೆಸ್ಟ್ ಬಗ್ಗೆ ಉತ್ತರ ಬಾಕಿ ಇತ್ತಲ್ಲ, ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ವೆರಿ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ ಅದರ ಅರ್ಥ ‘ನಿಜವಾದ’. ಅದರ ಬೇರು ಲ್ಯಾಟಿನ್‌ನ ‘ವೇರುಸ್’, ಅಂದರೆ ನಿಜ. ಪಾಸ್‌ಪೋರ್ಟಿಗೆ ಪೊಲೀಸರು ಮನೆಗೆ ಬಂದು ಮಾಡುವ ‘ವೆರಿಫಿಕೇಶನ್’, ಕೋರ್ಟು ಕೊಡುವ ‘ವರ್ಡಿಕ್ಟ್’ ಎರಡೂ ಇದೇ ಮನೆತನದವು. ಕ್ರೈಸ್ತರ ವಿಶ್ವಾಸ ಪ್ರಮಾಣದ ಹಳೆಯ ಇಂಗ್ಲಿಷ್ ಪಾಠದಲ್ಲಿ ‘ವೆರಿ ಗಾಡ್ ಆಫ್ ವೆರಿ ಗಾಡ್’ ಅಂತ ಬರುತ್ತದೆ. ತುಂಬಾ ದೇವರು ಅಂತಲ್ಲ, ನಿಜದೇವರಿಂದ ಬಂದ ನಿಜದೇವರು ಅಂತ. ನಿಜ ಅನ್ನುವ ಪದ ಒತ್ತು ಕೊಡುವ ಪದ ಆಗೋದು ನಮಗೇನೂ ಹೊಸದಲ್ಲ. ‘ನಿಜವಾಗ್ಲೂ ಚೆನ್ನಾಗಿದೆ ಕಣೆ’ ಅನ್ನುವಾಗ ನಾವು ಪ್ರಮಾಣ ಮಾಡುತ್ತಿರೋದಿಲ್ಲ, ಸುಮ್ನೆ ಒತ್ತಿ ಹೇಳುತ್ತಿರುತ್ತೀವಿ.

ಆ ಹಳೆಯ ‘ನಿಜವಾದ’ ಇವತ್ತಿಗೂ ಪೂರ್ತಿ ಹೋಗಿಲ್ಲ. ‘ದ ವೆರಿ ಫಸ್ಟ್ ಡೇ’, ‘ಅಟ್ ದ ವೆರಿ ಎಂಡ್ ಆಫ್ ದ ರೋಡ್’, ‘ದಟ್ ವೆರಿ ನೈಟ್’ ಇಂಥ ಕಡೆ ಉಳಿದುಕೊಂಡಿದೆ. ಇಲ್ಲಿ ತುಂಬಾ ಅಂತ ಇಟ್ಟುಕೊಂಡರೆ ಕೆಟ್ಟುಹೋಗುತ್ತದೆ. ತುಂಬಾ ಮೊದಲ ದಿನ ಅಂದರೆ ಏನು?

ಇದಕ್ಕೆ ಕನ್ನಡದಲ್ಲಿ ಹೇಳಿ ಮಾಡಿಸಿದ ಪದಗಳಿವೆ. ಹೈಸ್ಕೂಲ್ ವ್ಯಾಕರಣದಲ್ಲಿ ದ್ವಿರುಕ್ತಿ ಅಂತ ಓದಿದ್ದು ಜ್ಞಾಪಕ ಇದೆಯಾ? ಮೊದಲು ಮೊದಲು ಅನ್ನೋದು ಮೊತ್ತಮೊದಲು ಆಗುತ್ತದೆ. ತುದಿ ತುದಿ ಸೇರಿ ತುತ್ತತುದಿ. ಕಡೆ ಕಡೆ ಸೇರಿ ಕಟ್ಟಕಡೆ. ನಡುವೆ ನಡುವೆ ಸೇರಿ ನಟ್ಟನಡುವೆ. ಈಗ ಇಟ್ಟು ನೋಡಿ. ದ ವೆರಿ ಫಸ್ಟ್ ಡೇ, ಮೊತ್ತಮೊದಲ ದಿನ. ಅಟ್ ದ ವೆರಿ ಎಂಡ್ ಆಫ್ ದ ರೋಡ್, ರಸ್ತೆಯ ತುತ್ತತುದಿಯಲ್ಲಿ. ಇನ್ ದ ವೆರಿ ಮಿಡ್ಲ್, ನಟ್ಟನಡುವೆ. ದ ವೆರಿ ಲಾಸ್ಟ್ ಪೇಜ್, ಕಟ್ಟಕಡೆಯ ಪುಟ. ಕ್ಲಾಸಿನಲ್ಲಿ ಇದನ್ನು ಬೋರ್ಡ್ ಮೇಲೆ ಎರಡು ಸಾಲಾಗಿ ಬರೆದಾಗ ಹಿಂದಿನ ಬೆಂಚೂ ತಲೆ ಎತ್ತುತ್ತದೆ.

ದ್ವಿರುಕ್ತಿ ಹೊಂದದ ಕಡೆ ನಮ್ಮ ‘ಏ’ ಇದೆ. ಆವತ್ತೇ, ಅಲ್ಲೇ, ಇದೇ ಮನೆ. ದಟ್ ವೆರಿ ನೈಟ್ ಅಂದರೆ ಅದೇ ರಾತ್ರಿ. ಇನ್ ದಿಸ್ ವೆರಿ ಹೌಸ್ ಅಂದರೆ ಇದೇ ಮನೆಯಲ್ಲಿ. ‘ದ ವೆರಿ ಥಾಟ್ ಆಫ್ ಇಟ್ ಸ್ಕೇರ್ಸ್ ಮಿ’ ಅಂದರೆ ನೆನೆಸಿಕೊಂಡರೇ ಭಯ ಆಗುತ್ತೆ.

ಈ ವೆರಿಯನ್ನು ಗುರುತಿಸೋದು ಸುಲಭ. ಅದರ ಹಿಂದೆ ದ, ದಿಸ್, ದಟ್, ಮೈ ಇಂಥದ್ದೊಂದು ಇರುತ್ತದೆ, ಮುಂದೆ ನಾಮಪದ ಅಥವಾ ಫಸ್ಟ್, ಲಾಸ್ಟ್, ಬೆಸ್ಟ್, ಸೇಮ್, ಓನ್ ಬರುತ್ತದೆ. ‘ಮೈ ವೆರಿ ಓನ್ ಶಾಪ್’, ನನ್ನದೇ ಸ್ವಂತ ಅಂಗಡಿ. ನಾಮಪದದ ಹಿಂದೆ ವೆರಿ ಬರಲ್ಲ ಅಂತ ಮೊದಲು ಹೇಳಿದ್ದಕ್ಕೆ ಇದೊಂದು ಬಾಗಿಲು ತೆರೆದಿದೆ ಅಂತ ತಿಳಿಯಿರಿ.

ವೆರಿಗೂ ಅಳತೆ ಇದೆ

ಸಾಮಾನ್ಯ ಮಾತಿನಲ್ಲಿ ವೆರಿ ಎಷ್ಟು ಅಂತ ಯಾರೂ ಕೇಳಲ್ಲ. ಆದರೆ ಕೆಲವು ಕಡೆ ಅದಕ್ಕೆ ಅಂಕಿ ಇದೆ, ಅಲ್ಲಿ ಬಾಯಿಗೆ ಬಂದಂತೆ ಹೇಳುವ ಹಾಗಿಲ್ಲ. ಜುಲೈನಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಕ್ಕೆ ಮಳೆ ಎಚ್ಚರಿಕೆ ಬರುತ್ತದಲ್ಲ, ಅದನ್ನೇ ನೋಡಿ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ‘ಹೆವಿ’. 115.6ರಿಂದ 204.4ರ ತನಕ ‘ವೆರಿ ಹೆವಿ’. ಅದನ್ನೂ ದಾಟಿದರೆ ‘ಎಕ್ಸ್‌ಟ್ರೀಮ್ಲಿ ಹೆವಿ’. ಹಾಗಾಗಿ ಎಚ್ಚರಿಕೆಯಲ್ಲಿ ವೆರಿ ಹೆವಿ ಅಂತ ಓದಿದರೆ, ಜೋರು ಮಳೆ ಅಂತ ಅಂದಾಜಿಗೆ ಹೇಳಿದ್ದಲ್ಲ. ಇಷ್ಟರಿಂದ ಇಷ್ಟು ಅಂತ ಅಳತೆ ಇಟ್ಟು ಹೇಳಿದ್ದು.

ಚಂಡಮಾರುತಕ್ಕೂ ಇಂಥದೇ ಮೆಟ್ಟಿಲು. ಗಾಳಿಯ ವೇಗ ಗಂಟೆಗೆ 89ರಿಂದ 117 ಕಿಲೋಮೀಟರ್ ಇದ್ದರೆ ‘ಸಿವಿಯರ್’, 118ರಿಂದ 165 ಇದ್ದರೆ ‘ವೆರಿ ಸಿವಿಯರ್’, 166ರಿಂದ 220 ಇದ್ದರೆ ‘ಎಕ್ಸ್‌ಟ್ರೀಮ್ಲಿ ಸಿವಿಯರ್’. 2021ರ ಮೇನಲ್ಲಿ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿಗೆ ಅಪ್ಪಳಿಸಿದ ತೌಕ್ತೆ ಈ ಮೂರನೆಯ ಗುಂಪಿನದ್ದು. ಗಾಳಿಯ ಗುಣಮಟ್ಟದ ಸೂಚ್ಯಂಕದಲ್ಲಿ 301ರಿಂದ 400 ‘ವೆರಿ ಪೂರ್’, ಅದರಾಚೆ ‘ಸಿವಿಯರ್’. ಇವನ್ನೆಲ್ಲ ಸ್ಟೇಟಸ್‌ಗೋ ಗ್ರೂಪಿಗೋ ಹಾಕುವಾಗ ಇಲಾಖೆ ಬಳಸಿದ ಪದವನ್ನೇ ಹಾಗೇ ಹಾಕಿ. ಹೆವಿ ಅಂದಿದ್ದಕ್ಕೆ ನೀವು ಪ್ರೀತಿಯಿಂದ ಒಂದು ವೆರಿ ಸೇರಿಸಿದರೆ ಮೀನಿಗೆ ಹೋಗುವವರ, ಮಕ್ಕಳನ್ನು ಸ್ಕೂಲಿಗೆ ಕಳಿಸುವವರ ಲೆಕ್ಕ ತಪ್ಪುತ್ತದೆ.

ನರ್ಸಿಂಗ್ ಹುಡುಗಿಯರಿಗೆ ನಾನು ಇದನ್ನೇ ಇನ್ನೊಂದು ಥರ ಹೇಳುತ್ತೇನೆ. ‘ಪೇಷೆಂಟ್ ಹ್ಯಾಸ್ ವೆರಿ ಪೇನ್’ ಅಂತ ಡ್ಯೂಟಿ ಬದಲಾಗುವಾಗ ಹೇಳಿದರೆ ವ್ಯಾಕರಣ ಕೆಟ್ಟಿದ್ದು ಒಂದು ಕಡೆ, ವಿಷಯವೂ ತಿಳಿಯಲ್ಲ. ಅಜ್ಜಿಗೆ ಜಾಸ್ತಿ ಅನ್ನಿಸಿದ್ದು ಎಷ್ಟು? ಅದಕ್ಕೇ ಆಸ್ಪತ್ರೆಗಳಲ್ಲಿ 0ಯಿಂದ 10ರ ತನಕ ಎಷ್ಟು ನೋವು ಅಂತ ರೋಗಿಯನ್ನೇ ಕೇಳುತ್ತಾರೆ. ‘ಶಿ ಸೇಸ್ ದ ಪೇನ್ ಈಸ್ ಎಯ್ಟ್ ಔಟ್ ಆಫ್ ಟೆನ್.’ ಇಲ್ಲಿ ವೆರಿ ಇಲ್ಲವೇ ಇಲ್ಲ, ಮುಂದಿನ ಡ್ಯೂಟಿಯವರಿಗೆ ಎಲ್ಲ ಗೊತ್ತಾಯಿತು.

ಬರೆಯುವಾಗ ಎಲ್ಲರೂ ಈ ಅಭ್ಯಾಸ ಮಾಡಿಕೊಳ್ಳಬಹುದು. ವೆರಿ ಲೇಟ್ ಅಂತ ಬರೆದಿದ್ದೀರಾ? ಎಷ್ಟು ಲೇಟ್? ‘ಫಾರ್ಟಿ ಮಿನಿಟ್ಸ್ ಲೇಟ್’ ಅನ್ನಿ. ವೆರಿ ಫಾರ್ ಅಂತ ಬರೆದಿದ್ದೀರಾ? ಬಸ್ ಸ್ಟ್ಯಾಂಡಿನಿಂದ ಎಷ್ಟು ಕಿಲೋಮೀಟರ್ ಅಂತ ಬರೆಯಿರಿ. ಒಬ್ಬ ಹುಡುಗ ಮನೆ ಮುಂದಿನ ಚರಂಡಿ ಬಗ್ಗೆ ಅರ್ಜಿ ಬರೆದು ತಂದಿದ್ದ. ‘ಡ್ರೈನ್ ಈಸ್ ವೆರಿ ವೆರಿ ಡರ್ಟಿ, ವೆರಿ ಸ್ಮೆಲ್ ಈಸ್ ಕಮಿಂಗ್, ವೆರಿ ಮಸ್ಕಿಟೋಸ್.’ ನಾಲ್ಕೂ ವೆರಿ ಹೊಡೆದು ಹಾಕಿ, ಏನಾಗಿದೆ ಅದನ್ನು ಹೇಳು ಅಂದೆ. ಆಮೇಲೆ ಬಂದ ಸಾಲು: ‘ದ ಡ್ರೈನ್ ಹ್ಯಾಸ್ ಬೀನ್ ಬ್ಲಾಕ್ಡ್ ಸಿನ್ಸ್ ಯುಗಾದಿ. ದ ವಾಟರ್ ಕಮ್ಸ್ ಅಪ್ ಟು ಅವರ್ ಡೋರ್‌ಸ್ಟೆಪ್.’ ಯುಗಾದಿಯಿಂದ ಕಟ್ಟಿದೆ, ನೀರು ಹೊಸಿಲ ತನಕ ಬರುತ್ತದೆ. ಸೊಳ್ಳೆಯದ್ದನ್ನು ಅವನೇ ತೆಗೆದುಬಿಟ್ಟ, ಅಷ್ಟು ಹೇಳಿದ ಮೇಲೆ ಅದು ಬೇಕೂ ಇರಲಿಲ್ಲ.

ಉಚ್ಚಾರಣೆ ಒಂದು ಬಾಕಿ. ‘ವೆ’ ಗಿಡ್ಡಕ್ಕೆ ಇರಲಿ. ವೇರಿ ಅಂತ ಎಳೆದರೆ ಅದು ಬದಲಾಗುವುದು ಅನ್ನುವ ಅರ್ಥದ ಬೇರೆ ಪದ ಆಗುತ್ತದೆ. ಮೇಲಿನ ಹಲ್ಲು ಕೆಳತುಟಿಗೆ ತಾಗಲಿ. ನಮ್ಮ ‘ವ’ ಹೇಳುವಾಗ ಹಲ್ಲು ಸರಿಯಾಗಿ ತಾಗುವುದಿಲ್ಲ, ತುಟಿ ದುಂಡಗಾದರೆ ಇಂಗ್ಲಿಷ್‌ನವರ ಕಿವಿಗೆ ಮತ್ತೊಂದೇ ಪದ ಕೇಳಬಹುದು. ಒತ್ತು ಬೇಕಾದಾಗ ‘ವೆ’ ಮೇಲೆ ಭಾರ ಹಾಕಿ, ‘ರಿ’ ಹಗುರವಾಗಿ ಬಿಡಿ.

ಈಗ ನೀವೇ ಮಾಡಿ ನೋಡಿ. ಮೇಲಕ್ಕೆ ಹೋಗಿ ಕದ್ದು ನೋಡಬೇಡಿ. ಒಂದು, ನನಗೆ ಈ ಸೀರೆ ತುಂಬಾ ಇಷ್ಟ ಆಯ್ತು. ಎರಡು, ಆ ಅಂಗಡಿಗಿಂತ ಇಲ್ಲಿ ತುಂಬಾ ಕಡಿಮೆ ಬೆಲೆ. ಮೂರು, ಸಾರಿಗೆ ಖಾರ ಜಾಸ್ತಿ ಆಯ್ತು, ಮಗು ತಿನ್ನಲ್ಲ. ನಾಲ್ಕು, ಕೆರೆಯ ನಟ್ಟನಡುವೆ ಒಂದು ಮಂಟಪ ಇದೆ. ಐದು, ರಾತ್ರಿಯೆಲ್ಲ ತುಂಬಾ ಮಳೆ.

ಉತ್ತರ: ‘ಐ ರಿಯಲಿ ಲೈಕ್ ದಿಸ್ ಸ್ಯಾರಿ.’ ‘ಇಟ್ ಈಸ್ ಮಚ್ ಚೀಪರ್ ಹಿಯರ್ ದ್ಯಾನ್ ಇನ್ ದಟ್ ಶಾಪ್.’ ‘ದ ರಸಂ ಈಸ್ ಟೂ ಸ್ಪೈಸಿ ಫಾರ್ ದ ಚೈಲ್ಡ್.’ ‘ದೇರ್ ಈಸ್ ಎ ಮಂಟಪ ಇನ್ ದ ವೆರಿ ಮಿಡ್ಲ್ ಆಫ್ ದ ಲೇಕ್.’ ಐದನೆಯದಕ್ಕೆ ‘ಇಟ್ ರೇನ್ಡ್ ಹೆವಿಲಿ ಆಲ್ ನೈಟ್’ ಅಂದರೂ ಸರಿ, ‘ಇಟ್ ರೇನ್ಡ್ ಎ ಲಾಟ್ ಲಾಸ್ಟ್ ನೈಟ್’ ಅಂದರೂ ಸರಿ. ‘ವೆರಿ ಹೆವಿ ರೇನ್’ ಅಂತ ಬರೆದವರಿಗೂ ನಾನು ಮಾರ್ಕ್ಸ್ ಕೊಡುತ್ತೇನೆ, ಮಿಲಿಮೀಟರ್ ಕೇಳಲ್ಲ.